ನೆಲದ ಕಥೆಯೋ, ಜನರ ಕಥೆಯೋ?

ಆತ್ಮೀಯರೇ, ನಮಸ್ಕಾರ.

ಇಸ್ಲಾಂಗೆ ಮುಂಚೆ ಪಠಾಣರು ಯಾವ ದೇವರನ್ನು ನಂಬಿದ್ದರು ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ.

ಮೊದಲ ಸಾಲಲ್ಲೇ ‘ಪಠಾಣರೆಲ್ಲ ಬೌದ್ಧರಾಗಿದ್ದರು’ ಎಂದುಬಿಟ್ಟಿದ್ದೀರಿ. ಅದಕ್ಕೆ ಇಂದಿನ ಪಾಕಿಸ್ತಾನದಲ್ಲಿರುವ ತಖ್ತ್-ಇ-ಬಾಹಿಯ ವಿಹಾರ, ಸ್ವಾತ್ ಕಣಿವೆಯ ಬುತ್ಕಾರಾ ಸ್ತೂಪಗಳ ಸಾಕ್ಷಿ ಕೊಟ್ಟಿದ್ದೀರಿ. ಈ ಸೀಮೆಯ ಹಳೆಯ ಹೆಸರು ಗಾಂಧಾರ, ಅಲ್ಲಿ ಬೌದ್ಧ ಧರ್ಮ ಆಳವಾಗಿ ಬೇರೂರಿತ್ತು, ನಿಜ. ಆದರೆ ಇಂದು ಸ್ವಾತ್‌ನಲ್ಲಿರುವ ಯೂಸುಫ್‌ಜೈ ಪಠಾಣರು ಆ ಕಣಿವೆಗೆ ಬಂದು ನೆಲೆಸಿದ್ದು 16ನೇ ಶತಮಾನದಲ್ಲಿ. ಬರುವಾಗಲೇ ಅವರು ಮುಸಲ್ಮಾನರು. ಹಾಗಿರುವಾಗ ಆ ಸ್ತೂಪಕ್ಕೆ ಸುತ್ತು ಹಾಕಿದವರು ಇವರ ಅಜ್ಜಂದಿರೇ ಅಂತ ಸುಮ್ನೆ ಹೇಳಲಾಗದು, ಅಲ್ವಾ? ನೆಲದ ಕಥೆಯನ್ನು ಜನರ ಕಥೆ ಮಾಡಿದ್ದೀರಿ. ಲೇಖನದ ದೊಡ್ಡ ತೊಂದರೆ ಇದೇ.

ಇಮ್ರಾ ದೇವರ ಪ್ಯಾರಾ ಪೂರ್ತಿ ತೆಗೆಯಿರಿ. ಅದು ಅಫ್ಗಾನಿಸ್ತಾನದ ಈಶಾನ್ಯ ಬೆಟ್ಟಗಳ ನೂರಿಸ್ತಾನಿಗಳ ದೇವರು, ಪಠಾಣರದ್ದಲ್ಲ. ಅವರ ಭಾಷೆಯೇ ಬೇರೆ.

ಜಮೀನ್‌ದಾವರದ ಝೂನ್ ದೇವರಿಗೆ ಮಾತ್ರ ಒಂದೇ ಸಾಲು ಕೊಟ್ಟಿದ್ದೀರಲ್ಲ, ಬೇಜಾರಾಯಿತು. ಇಂದಿನ ಅಫ್ಗಾನಿಸ್ತಾನದ ಹೆಲ್ಮಂದ್ ಸೀಮೆ ಅದು. 7ನೇ ಶತಮಾನದಲ್ಲಿ ಅರಬ್ ಸೇನಾಪತಿ ಅಬ್ದ್ ಅಲ್-ರಹಮಾನ್ ಇಬ್ನ್ ಸಮುರಾ ಆ ಚಿನ್ನದ ಮೂರ್ತಿಯ ಕೈ ಕಡಿದ, ಮಾಣಿಕ್ಯದ ಕಣ್ಣು ಕಿತ್ತ. ಆಮೇಲೆ ಚಿನ್ನ, ಮಾಣಿಕ್ಯ ಎರಡನ್ನೂ ಅಲ್ಲಿನ ಅಧಿಕಾರಿಗೇ ವಾಪಸ್ ಕೊಟ್ಟ. ಈ ಮೂರ್ತಿಯಿಂದ ಕೇಡೂ ಇಲ್ಲ, ಒಳಿತೂ ಇಲ್ಲ ಎಂದು ತೋರಿಸುವುದಷ್ಟೇ ಅವನಿಗೆ ಬೇಕಿತ್ತಂತೆ. ಇದನ್ನು ನಿಧಾನವಾಗಿ ಬರೆಯಿರಿ. ಝೂನ್ ಎಂದರೆ ಸೂರ್ಯನೇ ಎಂಬ ತೀರ್ಪು ಬೇಡ, ವಿದ್ವಾಂಸರಲ್ಲೇ ಒಮ್ಮತವಿಲ್ಲ. ಇದೂ ಆ ಸೀಮೆಯ ದೇವರು ಅನ್ನುವಷ್ಟಕ್ಕೆ ನಿಲ್ಲಿಸಿ.

ನನಗೆ ಜಾಸ್ತಿ ಹಿಡಿಸಿದ್ದು ಐದನೇ ಪುಟದ ಮೂಲೆಯಲ್ಲಿದೆ. ಪ್ರಾರ್ಥನೆಗೆ ಅರಬ್ಬಿಯಲ್ಲಿ ಸಲಾತ್ ಅಂತಾರೆ. ಪಠಾಣರು ಆ ಪದ ಹಿಡಿಯಲಿಲ್ಲ, ಅವರ ಭಾಷೆಯಾದ ಪಶ್ತೋದಲ್ಲಿ ಅದು ‘ನ್ಮುಂಜ್’. ಫಾರಸಿಯ ನಮಾಜ್, ನಮ್ಮ ನಮಸ್ಕಾರದ ‘ನಮಸ್’ ಇವೆಲ್ಲ ಅದರ ಬಳಗ. ಕಲ್ಲು ಇದ್ದಲ್ಲೇ ಇರುತ್ತದೆ, ಮಾತು ಜನರ ಜೊತೆ ನಡೆದು ಬರುತ್ತದೆ. ದೇವರು ಬದಲಾದರೂ ಬಾಗುವುದಕ್ಕೆ ಅವರು ಹಳೆಯ ಪದವನ್ನೇ ಇಟ್ಟುಕೊಂಡರು. ಪಠಾಣರದ್ದೇ ಅನ್ನಬಹುದಾದ ಸಾಕ್ಷಿ ನಿಮ್ಮ ಲೇಖನದಲ್ಲಿ ಇದೊಂದೇ.

ಈ ಪದದಿಂದಲೇ ಶುರು ಮಾಡಿ ಮತ್ತೆ ಬರೆಯಿರಿ. ಸ್ತೂಪಗಳು ಆಮೇಲೆ ಬರಲಿ. ಬರೆದು ಕಳಿಸಿ, ಕಾಯುತ್ತಿರುತ್ತೇನೆ.