ಅಡಿಕೆ ವ್ಯಾಪಾರದ ಮನೆಯಿಂದ ಬಂದ ಜಿ.ಎಂ. ಸಿದ್ದೇಶ್ವರ ದಾವಣಗೆರೆ ಸಂಸದರಾಗಿದ್ದು ಹೇಗೆ?

ಇದಕ್ಕೆ ಉತ್ತರ ಭೀಮಸಮುದ್ರದಿಂದಲೇ ಶುರುವಾಗಬೇಕು. ಚಿತ್ರದುರ್ಗ ಜಿಲ್ಲೆಯ ಈ ಊರಿಗೆ ಅಡಿಕೆಯೇ ಜೀವಾಳ. ಸುಗ್ಗಿಯಲ್ಲಿ ಈ ಕಡೆ ಬಂದರೆ ಸುಲಿದ ಹಸಿ ಅಡಿಕೆ ಹಂಡೆಯಲ್ಲಿ ಕುದಿಯುತ್ತಿರುತ್ತದೆ, ಕಣದ ತುಂಬಾ ಕೆಂಪಡಿಕೆ ಹರಡಿರುತ್ತದೆ, ಅಡಿಕೆ ಬೇಯಿಸಿದ ಕೆಂಪು ನೀರು, ಅಂದರೆ ಚೊಗರಿನ ವಾಸನೆ ರಸ್ತೆವರೆಗೂ ಬರುತ್ತದೆ. ಸಿದ್ದೇಶ್ವರ ಬೆಳೆದದ್ದು ಇಂಥ ಊರಿನ ಅಡಿಕೆ ವ್ಯಾಪಾರಸ್ಥರ ಮನೆಯಲ್ಲಿ.

ವ್ಯಾಪಾರದಿಂದ ನೇರವಾಗಿ ಸಂಸತ್ತಿಗೆ ಹಾರಿದರು ಅನ್ನೋದು ಪೂರ್ತಿ ಸರಿಯಲ್ಲ. ದಾರಿ ಮಾಡಿದವರು ತಂದೆ ಜಿ. ಮಲ್ಲಿಕಾರ್ಜುನಪ್ಪ. ಅವರು 1996 ಮತ್ತು 1999ರಲ್ಲಿ ಬಿಜೆಪಿಯಿಂದ ದಾವಣಗೆರೆ ಗೆದ್ದಿದ್ದರು. ಅವರು ತೀರಿಕೊಂಡ ಮೇಲೆ, 2004ರಲ್ಲಿ ಮಗ ಅದೇ ಕ್ಷೇತ್ರದಿಂದ ಲೋಕಸಭೆಗೆ ಹೋದರು.

ಆದರೆ ತಂದೆಯ ಹೆಸರೊಂದೇ ನಾಲ್ಕು ಸಲ ಗೆಲ್ಲಿಸಲ್ಲ, ಅಲ್ವಾ? 2009ರ ಚುನಾವಣೆ ನೋಡಿ. ಎದುರಿಗಿದ್ದವರು ಶಾಮನೂರು ಕುಟುಂಬದ ಎಸ್.ಎಸ್. ಮಲ್ಲಿಕಾರ್ಜುನ್. ಅವರದ್ದೂ ದೊಡ್ಡ ವ್ಯಾಪಾರಸ್ಥರ ಮನೆಯೇ. ಎಂಟು ಲಕ್ಷಕ್ಕೂ ಜಾಸ್ತಿ ಮತ ಬಿದ್ದ ಕ್ಷೇತ್ರದಲ್ಲಿ ಸಿದ್ದೇಶ್ವರ ಗೆದ್ದ ಅಂತರ ಬರೀ 2,024! ನನ್ನ ಪ್ರಕಾರ ಅವರ ರಾಜಕೀಯದ ನಿಜವಾದ ಪರೀಕ್ಷೆ ಅದೇ. 2019ರ ಹೊತ್ತಿಗೆ ಅಂತರ 1.69 ಲಕ್ಷಕ್ಕೆ ಏರಿತು.

2014ರಲ್ಲಿ ಮೋದಿ ಸರ್ಕಾರದಲ್ಲಿ ನಾಗರಿಕ ವಿಮಾನಯಾನ ರಾಜ್ಯ ಸಚಿವರಾದರು. ಕೆಲವೇ ತಿಂಗಳಲ್ಲಿ ಖಾತೆ ಬದಲಾಗಿ ಭಾರಿ ಕೈಗಾರಿಕೆ ಬಂತು. 2016ರ ಜುಲೈನಲ್ಲಿ ಸಚಿವ ಸ್ಥಾನ ಬಿಟ್ಟರು.

2024ರಲ್ಲಿ ಟಿಕೆಟ್ ಸಿಕ್ಕಿದ್ದು ಪತ್ನಿ ಗಾಯತ್ರಿ ಸಿದ್ದೇಶ್ವರ ಅವರಿಗೆ. ಗೆದ್ದವರು ಕಾಂಗ್ರೆಸ್ಸಿನ ಡಾ. ಪ್ರಭಾ ಮಲ್ಲಿಕಾರ್ಜುನ್, 2009ರಲ್ಲಿ ಸೋತಿದ್ದ ಮಲ್ಲಿಕಾರ್ಜುನ್ ಅವರ ಪತ್ನಿ.