ಟೊಬರ್ಮೊರಿಯಂಥ ಪುಟ್ಟ ಬಂದರು ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಗೆ ಏಕೆ ಬೇಕಾಯಿತು?

ಹೊಸ ಬೆಂಗಾವಲು ಹಡಗುಗಳ ಸಿಬ್ಬಂದಿಗೆ ಜಲಾಂತರ್ಗಾಮಿ ಬೇಟೆ ಕಲಿಸಲು. ಸ್ಕಾಟ್ಲೆಂಡಿನ ಮಲ್ ದ್ವೀಪದ ಈ ಬಂದರು ಅಟ್ಲಾಂಟಿಕ್‌ಗೆ ಹತ್ತಿರ. ಕಾಲ್ವ್ ದ್ವೀಪ ಅಡ್ಡವಿರುವುದರಿಂದ ಒಳಗೆ ಅಲೆಗಳ ಅಬ್ಬರವೂ ಕಡಿಮೆ. 1940ರಲ್ಲಿ ಇಲ್ಲಿ ಶುರುವಾದ ತರಬೇತಿ ನೆಲೆಯ ಹೆಸರು ಎಚ್‌ಎಂಎಸ್ ವೆಸ್ಟರ್ನ್ ಐಲ್ಸ್. ಮುಖ್ಯಸ್ಥರು ನಿವೃತ್ತಿಯ ನಂತರ ಮರಳಿ ಬಂದ ಗಿಲ್ಬರ್ಟ್ ಸ್ಟೀಫನ್‌ಸನ್. ಸಾವಿರಕ್ಕೂ ಹೆಚ್ಚು ಹಡಗುಗಳ ಸಿಬ್ಬಂದಿ ಇಲ್ಲಿ ತರಬೇತಿ ಪಡೆದರು.

ಹಡಗಿದ್ದರೆ ಸಾಲದೇ, ಇಷ್ಟು ತಾಲೀಮು ಯಾಕೆ? ಆಸ್ಡಿಕ್ ಎಂಬ ಉಪಕರಣ ನೀರಿನೊಳಗೆ ಶಬ್ದ ಕಳಿಸಿ, ಪ್ರತಿಧ್ವನಿಯಿಂದ ಜಲಾಂತರ್ಗಾಮಿಯನ್ನು ಪತ್ತೆ ಹಚ್ಚುತ್ತಿತ್ತು. ಆದರೆ ಹಡಗು ತೀರಾ ಹತ್ತಿರವಾದಾಗ ಆ ಶಬ್ದ ಗುರಿಯ ಮೇಲಿಂದಲೇ ದಾಟಿ, ಪ್ರತಿಧ್ವನಿ ತಪ್ಪಿಹೋಗುತ್ತಿತ್ತು. ಡೆಪ್ತ್ ಚಾರ್ಜ್, ಅಂದರೆ ನಿಗದಿತ ಆಳದಲ್ಲಿ ಸಿಡಿಯುವ ಬಾಂಬು, ಬೀಳಬೇಕಾದದ್ದು ಸರಿಯಾಗಿ ಆಗಲೇ! ಅದು ಮುಳುಗುವ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. 60 ಮೀಟರ್ ಇಳಿಯಲು 20 ಸೆಕೆಂಡು. ಅಷ್ಟರಲ್ಲಿ ಶತ್ರು ದಿಕ್ಕು ಬದಲಿಸಬಹುದು. ಇನ್ನು ಹಡಗು ನಿಧಾನವಾಗಿದ್ದು ಆಳವನ್ನೂ ಕಡಿಮೆ ಇಟ್ಟರೆ, ಸ್ಫೋಟದ ಪೆಟ್ಟು ತನ್ನದೇ ಹಿಂಭಾಗಕ್ಕೆ. ಆಸ್ಡಿಕ್‌ನವನು, ಕಪ್ತಾನ, ಬಾಂಬು ಉರುಳಿಸುವವರು ಕ್ಷಣ ತಪ್ಪದೆ ಜೊತೆಗೂಡಬೇಕಿತ್ತು. ಅವರಲ್ಲಿ ಬಹಳ ಮಂದಿ ಯುದ್ಧಕ್ಕೆ ಮುಂಚೆ ಕಡಲಿಗೇ ಇಳಿದವರಲ್ಲ.