ಭಾವಕ್ಕೆ ಎಷ್ಟು ಅಂಕ?

ಓದುಗರ ಪತ್ರ

"ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಪಾಠ ಯೋಜನೆಯಲ್ಲಿ ಕಲಿಕೆಯ ಉದ್ದೇಶಗಳಿಗೆ ಮೂರು ಅಂಕಣ ಇವೆ: ಜ್ಞಾನಾತ್ಮಕ, ಭಾವಾತ್ಮಕ, ಕ್ರಿಯಾತ್ಮಕ. ಪ್ರತಿ ಪಾಠಕ್ಕೂ ಮೂರನ್ನೂ ತುಂಬಬೇಕು. ವಿದ್ಯುಚ್ಛಕ್ತಿ ಪಾಠಕ್ಕೆ ಭಾವಾತ್ಮಕ ಉದ್ದೇಶ ಅಂತ ಏನು ಬರೆಯಲಿ? 'ವಿಜ್ಞಾನಿಗಳ ಕೊಡುಗೆಯನ್ನು ಪ್ರಶಂಸಿಸುವನು' ಎಂಬ ಒಂದೇ ಸಾಲನ್ನು ಜೂನ್‌ನಿಂದ ಮಾರ್ಚ್‌ವರೆಗೆ ಬರೆಯುತ್ತೇನೆ. ಒಮ್ಮೆ ಖಾಲಿ ಬಿಟ್ಟಿದ್ದಕ್ಕೆ ತಪಾಸಣೆಗೆ ಬಂದವರು ಕೆಂಪು ಗೆರೆ ಎಳೆದರು. ಅದಕ್ಕೆ ಅಂಕ ಬೇರೆ ಕೊಡಬೇಕಂತೆ. ಯಾರೋ ಅಮೆರಿಕದವರು ಮಾಡಿದ ಪಟ್ಟಿ ಹಿಡಿದು ನಮ್ಮ ಮಕ್ಕಳ ಮನಸ್ಸನ್ನು ಅಳೆಯುವುದು ಸರಿಯೇ?"

ಸಂಪಾದಕರ ಉತ್ತರ

ನಮಸ್ಕಾರ ಮೇಡಂ,

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಮನಸ್ಸಿಗೆ ಅಂಕ ಕೊಡುವುದು ಸರಿಯಲ್ಲ. ಹಾಗಂತ ಬ್ಲೂಮ್ ವರ್ಗೀಕರಣ ಎಂದು ಕರೆಯುವ ಆ ಪಟ್ಟಿಯನ್ನೇ ಎಸೆಯಬೇಕಾಗಿಲ್ಲ. ಅದನ್ನು ಮಾಡಿದ್ದು ಒಂದು ಕೆಲಸಕ್ಕೆ, ನಾವು ಬಳಸುತ್ತಿರುವುದು ಇನ್ನೊಂದು ಕೆಲಸಕ್ಕೆ. ನಿಮ್ಮ ತಲೆನೋವು ಅಲ್ಲಿಂದಲೇ ಶುರುವಾಗಿದೆ.

1948ರಲ್ಲಿ ಬಾಸ್ಟನ್‌ನಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಸಮ್ಮೇಳನ ನಡೆದಿತ್ತು. ಅಲ್ಲಿಗೆ ಬಂದಿದ್ದ ಕೆಲವು ಕಾಲೇಜು ಪರೀಕ್ಷಕರು ಬಿಡುವಿನಲ್ಲಿ ಕೂತು ಮಾತಾಡಿದರು. ಇವರೆಲ್ಲ ಪ್ರಶ್ನೆಪತ್ರಿಕೆ ತಯಾರಿಸುವವರು. ಒಬ್ಬೊಬ್ಬರೂ ತಮ್ಮ ಕಾಲೇಜಿಗೆ ಬೇಕಾದ ಪ್ರಶ್ನೆಗಳನ್ನು ಮೊದಲಿಂದ ಹೊಸೆಯುತ್ತಿದ್ದರು. ಪರಸ್ಪರ ಹಂಚಿಕೊಂಡರೆ ಎಲ್ಲರಿಗೂ ಸುಲಭ. ಆದರೆ 'ಅರ್ಥವಾಗಿದೆಯೇ ಎಂದು ನೋಡುವ ಪ್ರಶ್ನೆ' ಎಂದು ಒಬ್ಬರು ಹೇಳಿದ್ದು ಇನ್ನೊಬ್ಬರ ಲೆಕ್ಕದಲ್ಲಿ ಬರೀ ನೆನಪಿನ ಪ್ರಶ್ನೆ. ಹಾಗಾಗಿ ಎಲ್ಲರೂ ಒಪ್ಪುವ ಒಂದು ವಿಂಗಡಣೆ ಬೇಕಾಯಿತು. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಗಳ ಜವಾಬ್ದಾರಿ ಹೊತ್ತಿದ್ದ ಬೆಂಜಮಿನ್ ಬ್ಲೂಮ್ ಈ ಗುಂಪನ್ನು ಮುನ್ನಡೆಸಿದರು. 1956ರಲ್ಲಿ ಮೊದಲ ಕೈಪಿಡಿ ಬಂತು. ಅದರಲ್ಲಿದ್ದದ್ದು ತಲೆಯ ಕೆಲಸ, ಅಂದರೆ ನಿಮ್ಮ ಜ್ಞಾನಾತ್ಮಕ ಅಂಕಣ ಮಾತ್ರ: ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯಮಾಪನ ಎಂಬ ಆರು ಮೆಟ್ಟಿಲು.

ಅಂದರೆ ಇದು ಹುಟ್ಟಿದ್ದು ಪ್ರಶ್ನೆಗಳನ್ನು ವಿಂಗಡಿಸಲು. ನಲವತ್ತು ನಿಮಿಷದ ಪಾಠಕ್ಕೆ ಮೂರು ಅಂಕಣ ತುಂಬಿಸಲು ಅಲ್ಲ.

ಇದು ನಮ್ಮ ದೇಶಕ್ಕೆ ಬಂದದ್ದೂ ಪರೀಕ್ಷೆಯ ಬಾಗಿಲಿನಿಂದಲೇ. 1957ರಲ್ಲಿ ಬ್ಲೂಮ್ ಭಾರತಕ್ಕೆ ಬಂದು ಪರೀಕ್ಷಾ ಸುಧಾರಣೆಯ ಕಾರ್ಯಾಗಾರಗಳನ್ನು ನಡೆಸಿದರು. ಬಿ.ಇಡಿ.ಯಲ್ಲಿ ನೀವು ಗೆರೆ ಹಾಕಿ ತಯಾರಿಸಿದ ಪ್ರಶ್ನೆಪತ್ರಿಕೆಯ ನೀಲನಕ್ಷೆ, 'ಸ್ಮರಿಸುವನು', 'ಗುರುತಿಸುವನು' ಎಂದು ಬರೆದ ವರ್ತನಾ ಬದಲಾವಣೆಗಳು, ಎಲ್ಲವೂ ಆ ಕಾಲದಲ್ಲಿ ಶುರುವಾದ ದಾರಿಯಲ್ಲೇ ಬಂದವು. ಈಗ ಎಂಜಿನಿಯರಿಂಗ್ ಓದುವ ಮಕ್ಕಳ ವಿಟಿಯು ಪ್ರಶ್ನೆಪತ್ರಿಕೆ ನೋಡಿ. ಪ್ರಶ್ನೆಯ ಪಕ್ಕ ಅಂಕದ ಜೊತೆಗೆ ಎಲ್1, ಎಲ್2, ಎಲ್3 ಎಂದು ಬ್ಲೂಮ್ ಮಟ್ಟವೂ ಅಚ್ಚಾಗಿರುತ್ತದೆ. ಬರೆಯುವ ಹುಡುಗರು ಅದರ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ, ಬಿಡಿ.

ಪ್ರಶ್ನೆಪತ್ರಿಕೆಗೆ ಮಾತ್ರ ಇದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ನಿಮ್ಮದೇ ವಿದ್ಯುಚ್ಛಕ್ತಿ ಪಾಠ ತೆಗೆದುಕೊಳ್ಳಿ. 'ಓಮನ ನಿಯಮವನ್ನು ನಿರೂಪಿಸಿ' ಅನ್ನುವುದು ನೆನಪಿನ ಪ್ರಶ್ನೆ (ತಾಪ ಬದಲಾಗದಿದ್ದರೆ ವೋಲ್ಟೇಜ್ ಏರಿದಷ್ಟೇ ಪ್ರಮಾಣದಲ್ಲಿ ಪ್ರವಾಹವೂ ಏರುತ್ತದೆ ಎಂಬುದೇ ಆ ನಿಯಮ). ವೋಲ್ಟೇಜ್ ಮತ್ತು ವಿದ್ಯುತ್ ಪ್ರವಾಹ ಕೊಟ್ಟು ರೋಧ ಎಷ್ಟು ಎಂದು ಕೇಳಿದರೆ ಅನ್ವಯ. ಆದರೆ ಅದೇ ಲೆಕ್ಕ ನೋಟ್ಸಿನಲ್ಲಿದ್ದು, ಮಗು ಅದನ್ನು ಹತ್ತು ಸಲ ಬರೆದಿದ್ದರೆ? ಆಗ ಅದೂ ನೆನಪೇ. ಬ್ಲೂಮ್ ಗುಂಪಿನವರು ಇದನ್ನು ಮೊದಲೇ ಗಮನಿಸಿದ್ದರು. ಮಗು ಹಿಂದೆ ಏನು ಓದಿದೆ ಎಂದು ಗೊತ್ತಿಲ್ಲದೆ ಪ್ರಶ್ನೆ ಯಾವ ಮೆಟ್ಟಿಲಿನದು ಎಂದು ಹೇಳಲು ಆಗುವುದಿಲ್ಲ. ಗೈಡುಗಳಲ್ಲಿ ಸಿಗುವ ಕ್ರಿಯಾಪದಗಳ ಪಟ್ಟಿಯನ್ನು ನಾನು ಹೆಚ್ಚು ನಂಬದಿರುವುದು ಇದಕ್ಕೇ. 'ವಿವರಿಸಿ' ಅಂದ ಮಾತ್ರಕ್ಕೆ ಗ್ರಹಿಕೆ ಆಗಿಬಿಡುವುದಿಲ್ಲ, 'ಕಾರಣ ಕೊಡಿ' ಅಂದ ಮಾತ್ರಕ್ಕೆ ವಿಶ್ಲೇಷಣೆಯೂ ಆಗುವುದಿಲ್ಲ.

ಬದಲಿಗೆ ಹೀಗೆ ಕೇಳಿ ನೋಡಿ. ಒಂದು ಟಾರ್ಚ್ ಬಲ್ಬಿಗೆ 1.5 ವೋಲ್ಟ್ ಕೊಟ್ಟಾಗ 0.2 ಆಂಪಿಯರ್, 3 ವೋಲ್ಟ್ ಕೊಟ್ಟಾಗ 0.3 ಆಂಪಿಯರ್, 6 ವೋಲ್ಟ್ ಕೊಟ್ಟಾಗ 0.45 ಆಂಪಿಯರ್ ಹರಿಯಿತು. ಈ ಬಲ್ಬ್ ಓಮನ ನಿಯಮ ಪಾಲಿಸುತ್ತಿದೆಯೇ? ಇಲ್ಲದಿದ್ದರೆ ಒಳಗೆ ಏನಾಗುತ್ತಿರಬಹುದು? ಮಗು ಭಾಗಾಕಾರ ಮಾಡಿದರೆ 7.5, 10, 13.3 ಓಮ್ ಬರುತ್ತದೆ. ರೋಧ ಏರುತ್ತಾ ಹೋಗುತ್ತಿದೆ. ತಂತಿ ಕಾದಷ್ಟೂ ರೋಧ ಜಾಸ್ತಿ ಎಂಬ ಊಹೆಗೆ ಮಗು ತಾನೇ ಬಂದರೆ ಅದು ತಲೆಯ ಕೆಲಸ, ಅಲ್ವಾ? ಇಡೀ ಪತ್ರಿಕೆಯಲ್ಲಿ ಇಂಥದ್ದು ಎರಡಾದರೂ ಇದೆಯೇ ಎಂದು ನೋಡಿಕೊಳ್ಳಲು ಆ ಆರು ಮೆಟ್ಟಿಲು ಸಾಕು. 2001ರಲ್ಲಿ ಆಂಡರ್‌ಸನ್ ಮತ್ತು ಕ್ರಾಥ್‌ವೋಲ್ ಅದನ್ನು ಪರಿಷ್ಕರಿಸಿ, ಹೊಸದನ್ನು ರಚಿಸುವುದನ್ನು ಎಲ್ಲಕ್ಕಿಂತ ಮೇಲಿಟ್ಟರು. ಮೆಟ್ಟಿಲುಗಳು ಒಂದರ ಮೇಲೊಂದು ಹಾಯಬಹುದು ಎಂದೂ ಒಪ್ಪಿಕೊಂಡರು. ಗೋಡೆ ಮೇಲೆ ಅಂಟಿಸುವ ಆ ಬಣ್ಣಬಣ್ಣದ ಪಿರಮಿಡ್ 1956ರ ಪುಸ್ತಕದಲ್ಲಿ ಇಲ್ಲವೇ ಇಲ್ಲ.

ಈಗ ನಿಮ್ಮನ್ನು ಕಾಡುತ್ತಿರುವ ಭಾವದ ಅಂಕಣ. ಇದರ ಕೈಪಿಡಿ ಬರಲು ಇನ್ನೂ ಎಂಟು ವರ್ಷ ಹಿಡಿಯಿತು. 1964ರಲ್ಲಿ ಕ್ರಾಥ್‌ವೋಲ್, ಬ್ಲೂಮ್, ಮಾಸಿಯಾ ಸೇರಿ ಅದನ್ನು ಹೊರತಂದರು. ಅದರಲ್ಲಿ ಐದು ಹಂತ ಇವೆ. ಮಗು ಒಂದು ವಿಷಯಕ್ಕೆ ಗಮನ ಕೊಡುತ್ತದೆ. ಆಮೇಲೆ ತಾನಾಗಿ ಸ್ಪಂದಿಸುತ್ತದೆ. ಮುಂದೆ ಅದಕ್ಕೆ ಬೆಲೆ ಕೊಡಲು ಕಲಿಯುತ್ತದೆ. ತನಗೆ ಮುಖ್ಯವಾದ ಬೇರೆ ಸಂಗತಿಗಳ ನಡುವೆ ಅದಕ್ಕೊಂದು ಜಾಗ ಮಾಡಿಕೊಡುತ್ತದೆ. ಕೊನೆಗೆ ಅದೇ ಅದರ ಸ್ವಭಾವವಾಗುತ್ತದೆ. ಈ ಕೊನೆಯದು ಒಂದು ವರ್ಷದ ಮಾತಲ್ಲ, ಒಂದು ಪಾಠದ್ದಂತೂ ಅಲ್ಲವೇ ಅಲ್ಲ.

ಆ ಪುಸ್ತಕ ಬರೆದವರೇ ಒಂದು ವಿಚಿತ್ರ ಗಮನಿಸಿದ್ದರು. ಹೊಸ ಪಠ್ಯಕ್ರಮದ ಮೊದಲ ಪುಟದಲ್ಲಿ ಆಸಕ್ತಿ, ಮನೋಭಾವ ಎಂದೆಲ್ಲ ದೊಡ್ಡದಾಗಿ ಬರೆದಿರುತ್ತಾರೆ. ವರ್ಷಗಳು ಕಳೆದಂತೆ ಅವು ಸದ್ದಿಲ್ಲದೆ ಸವೆಯುತ್ತವೆ. ಪರೀಕ್ಷೆಯಲ್ಲಿ ಉಳಿಯುವುದು ಮಾಹಿತಿ ಮಾತ್ರ. ಅದಕ್ಕೆ ಕಾರಣವನ್ನೂ ಹುಡುಕಿದರು. ಒಬ್ಬ ವಿದ್ಯಾರ್ಥಿಯ ನಂಬಿಕೆ, ಇಷ್ಟಾನಿಷ್ಟ ಅವನ ಸ್ವಂತದ್ದು, ಅದಕ್ಕೆ ಅಂಕ ಹಾಕಲು ಅಧ್ಯಾಪಕರು ಹಿಂಜರಿಯುತ್ತಾರೆ. ಬೇಕಾದ ಉತ್ತರ ಯಾವುದು ಎಂದು ಊಹಿಸಿ ಹಾಗೇ ನಟಿಸುವುದು ವಿದ್ಯಾರ್ಥಿಗೂ ಸುಲಭ. ಇಷ್ಟು ಗೊತ್ತಿದ್ದವರ ಪಟ್ಟಿಯನ್ನು ಹಿಡಿದೇ ನಾವು ಭಾವಕ್ಕೆ ಅಂಕ ಕೇಳುತ್ತಿದ್ದೇವೆ!

ವಿದ್ಯುಚ್ಛಕ್ತಿ ಪಾಠಕ್ಕೆ ಭಾವದ ಉದ್ದೇಶ ಏನು ಎಂದು ಕೇಳಿದಿರಿ. ಹತ್ತನೇ ತರಗತಿಯ ಪ್ರಯೋಗ ನೆನಪಿಸಿಕೊಳ್ಳಿ. ನಿಕ್ರೋಮ್ ತಂತಿ, 1.5 ವೋಲ್ಟಿನ ಸೆಲ್ಲುಗಳು, ಒಂದರಿಂದ ನಾಲ್ಕರವರೆಗೆ ಸೇರಿಸುತ್ತಾ ಹೋಗಿ ಅಮ್ಮೀಟರ್, ವೋಲ್ಟ್‌ಮೀಟರ್ ಓದುವುದು. ಆ ಅಂಕಿಗಳಿಂದ ನಕ್ಷೆ ಎಳೆದರೆ ಎಲ್ಲ ಬಿಂದುಗಳೂ ನೇರ ಗೆರೆಯ ಮೇಲೆ ಕೂರುವುದಿಲ್ಲ. ಒಂದು ಆಚೆ ಹೋಗುತ್ತದೆ. ಆಗ ಮಗು ಏನು ಮಾಡುತ್ತದೆ? ರಬ್ಬರ್ ತೆಗೆದು ಅಂಕಿ ತಿದ್ದುತ್ತದೆಯೇ, ಕಂಡದ್ದನ್ನೇ ಬರೆದು 'ಯಾಕೆ ಹೀಗೆ ಬಂತು ಮಿಸ್?' ಎಂದು ಕೇಳುತ್ತದೆಯೇ? ನಿಮಗೆ ಬೇಕಾದ ಭಾವ ಇಲ್ಲಿದೆ. 'ತನಗೆ ಕಂಡ ಅಳತೆಯನ್ನು ತಿದ್ದದೆ ಬರೆಯುವನು' ಎಂದು ಬರೆಯಿರಿ. ವಿಜ್ಞಾನಿಗಳನ್ನು ಪ್ರಶಂಸಿಸುವುದಕ್ಕಿಂತ ಇದು ಎಷ್ಟೋ ವಾಸಿ, ಅದೂ ಕಣ್ಣಿಗೆ ಕಾಣುವಂಥದ್ದು.

ಇದಕ್ಕೆ ಐದು ಅಂಕ ಇಟ್ಟರೆ ಏನಾಗುತ್ತದೆ, ಊಹಿಸಿ. ಮುಂದಿನ ವಾರ ಇಡೀ ತರಗತಿಯ ಪುಸ್ತಕದಲ್ಲಿ ಒಂದೊಂದು ಬಿಂದು ಬೇಕಂತಲೇ ಗೆರೆಯಿಂದ ಆಚೆ ಹೋಗಿರುತ್ತದೆ. ಈಗ ಪ್ರಾಕ್ಟಿಕಲ್ ರೆಕಾರ್ಡುಗಳಲ್ಲಿ ನಡೆಯುವುದೂ ಇದೇ ನಾಟಕ, ದಿಕ್ಕು ಮಾತ್ರ ಬೇರೆ. ಅಂಕ ಇರುವುದು ನೇರ ಗೆರೆಗೆ, ಹಾಗಾಗಿ ಎಲ್ಲರದ್ದೂ ನೇರ ಗೆರೆ. ಸೀನಿಯರ್ ಪುಸ್ತಕದಿಂದ ಅಂಕಿ ಇಳಿಸಿದವರಿಗೆ ಪೂರ್ತಿ ಅಂಕ, ನಿಜ ಬರೆದವರಿಗೆ 'ಮತ್ತೆ ಮಾಡು'. ನಿಮ್ಮ ಕೈಲಿ ಬದಲಾಯಿಸಲು ಆಗುವುದು ಇದು. ತಪ್ಪಿದ ಬಿಂದುವಿಗೆ ಅಂಕ ಕತ್ತರಿಸಬೇಡಿ. ಅದರ ಬಗ್ಗೆ ತರಗತಿಯಲ್ಲಿ ಮಾತಾಡಿ. ಯಾವ ಮಗು ಹೇಗಿದೆ ಎಂದು ನಿಮ್ಮ ಡೈರಿಯಲ್ಲಿ ಎರಡು ಮಾತು ಬರೆದಿಟ್ಟುಕೊಳ್ಳಿ. ಅಷ್ಟು ಸಾಕು.

ಇನ್ನು ಕೈ, ಅಂದರೆ ಕ್ರಿಯಾತ್ಮಕ ಅಂಕಣ. ಇದರದ್ದು ಸ್ವಲ್ಪ ಬೇಸರದ ಕಥೆ. ಪ್ರೌಢಶಾಲೆ, ಕಾಲೇಜುಗಳಲ್ಲಿ ಕೈಕೆಲಸದ ಕಲಿಕೆ ನಡೆಯುವುದೇ ಕಡಿಮೆ, ವಿಂಗಡಿಸಿ ಸದ್ಯಕ್ಕೆ ಅಷ್ಟೇನೂ ಪ್ರಯೋಜನವಿಲ್ಲ ಎಂಬ ಅರ್ಥದಲ್ಲಿ 1956ರ ಗುಂಪು ಅದನ್ನು ಬದಿಗಿಟ್ಟಿತು. ಮುಂದೆಯೂ ಅವರು ಬರೆಯಲಿಲ್ಲ. ಕಾಲೇಜು ಪರೀಕ್ಷಕರ ಮೇಜಿಗೆ ಉತ್ತರಪತ್ರಿಕೆ ಬರುತ್ತದೆ, ಬಡಗಿಯ ಉಳಿ ಬರುವುದಿಲ್ಲವಲ್ಲ. ಆ ಜಾಗ ತುಂಬಿದ್ದು ಬೇರೆಯವರು. ಗೃಹವಿಜ್ಞಾನ ಶಿಕ್ಷಣದ ಕಡೆಯಿಂದ ಬಂದ ಎಲಿಜಬೆತ್ ಸಿಂಪ್ಸನ್ 1966ರಲ್ಲಿ ಒಂದು ವಿಂಗಡಣೆ ಮಾಡಿದರು. 1972ರಲ್ಲಿ ಅನಿತಾ ಹ್ಯಾರೋ ಇನ್ನೊಂದು ಮಾಡಿದರು.

ಇವರಿಬ್ಬರ ನಡುವೆ, 1970ರಲ್ಲಿ, ನಮ್ಮವರೇ ಆದ ಆರ್.ಎಚ್. ದವೆ ಅವರದ್ದು ಬಂತು. ದವೆ ಷಿಕಾಗೊದಲ್ಲಿ ಬ್ಲೂಮ್ ಕೈಕೆಳಗೆ ಓದಿದವರು, ಶಾಲಾ ಪಠ್ಯಪುಸ್ತಕಗಳನ್ನು ರೂಪಿಸುವ ಕೇಂದ್ರ ಸಂಸ್ಥೆಯಾದ ಎನ್‌ಸಿಇಆರ್‌ಟಿಯಲ್ಲಿ ಕೆಲಸ ಮಾಡಿದವರು. 1990ರ ದಶಕದಲ್ಲಿ ಎಂ.ಎಲ್.ಎಲ್, ಕನಿಷ್ಠ ಕಲಿಕಾ ಮಟ್ಟ ಎಂದು ಕೇಳಿರುತ್ತೀರಿ. ಅದರ ಸಮಿತಿಗೆ ಅಧ್ಯಕ್ಷರೂ ಇವರೇ. ಹಾಗಾಗಿ ಪಟ್ಟಿ ಪೂರ್ತಿ ಅಮೆರಿಕದ್ದು ಅನ್ನುವಂತಿಲ್ಲ!

ದವೆ ಹೇಳಿದ್ದು ಐದು ಹಂತ. ನಿಮ್ಮ ಲ್ಯಾಬಿನಲ್ಲೇ ಅವನ್ನು ನೋಡಬಹುದು. ಮೊದಲು ಮಗು ನೀವು ಮಾಡಿದಂತೆ ವೈರಿನ ತುದಿ ಕೆರೆದು ಜೋಡಿಸುತ್ತದೆ. ಇದು ಅನುಕರಣೆ. ಆಮೇಲೆ ನೀವು ತೋರಿಸದಿದ್ದರೂ ಚಿತ್ರ ನೋಡಿಕೊಂಡು ಅಮ್ಮೀಟರನ್ನು ಸರಣಿಯಲ್ಲಿ, ವೋಲ್ಟ್‌ಮೀಟರನ್ನು ಸಮಾಂತರವಾಗಿ ಕೂರಿಸುತ್ತದೆ. ಮುಂದಿನದು ನಿಖರತೆ: ಸ್ಕ್ರೂ ಸಡಿಲ ಇರುವುದಿಲ್ಲ, ಮುಳ್ಳು ಸೊನ್ನೆಯಲ್ಲಿದೆಯೇ ಎಂದು ಮೊದಲು ನೋಡುತ್ತದೆ, ಕಣ್ಣನ್ನು ನೇರ ಇಟ್ಟು ಓದುತ್ತದೆ. ನಾಲ್ಕನೆಯದರಲ್ಲಿ ಇದೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಓದಿದ ಕೂಡಲೇ ಸ್ವಿಚ್ ಆರಿಸುತ್ತದೆ, ತಂತಿ ಕಾಯಲು ಬಿಡುವುದಿಲ್ಲ. ಐದನೆಯದರಲ್ಲಿ ಕೈ ತಾನಾಗಿ ಓಡುತ್ತದೆ. ಇದಕ್ಕೆ ಧಾರಾಳವಾಗಿ ಅಂಕ ಕೊಡಿ. ನಟಿಸಲು ಇಲ್ಲಿ ಜಾಗವೇ ಇಲ್ಲ. ಸರ್ಕ್ಯೂಟ್ ತಪ್ಪಿದ್ದರೆ ಮುಳ್ಳೇ ಹೇಳಿಬಿಡುತ್ತದೆ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ತಲೆ, ಹೃದಯ, ಕೈ ಎಂಬ ಮಾತು ಬ್ಲೂಮ್‌ಗಿಂತ ಹಳೆಯದು. ಸ್ವಿಟ್ಜರ್ಲೆಂಡಿನ ಶಿಕ್ಷಣ ಚಿಂತಕ ಪೆಸ್ಟಲೋಜಿ ಹೇಳಿದ್ದರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮ್ ಮುಂದಿಟ್ಟಾಗ ಕೈಗೆ ಮೂರನೇ ಅಂಕಣ ಕೊಡಲಿಲ್ಲ. ನೂಲುವ ಮಗು ಆ ನೂಲಿನಿಂದಲೇ ಲೆಕ್ಕ, ಭೂಗೋಳ, ಇತಿಹಾಸ ಕಲಿಯಬೇಕು ಎಂದರು. ಕೈಯಿಂದ ತಲೆಗೆ ದಾರಿ. ವಿಂಗಡಣೆಯ ದೊಡ್ಡ ಕೊರತೆ ನನಗೆ ಕಾಣುವುದು ಇಲ್ಲೇ. ಕಾಗದದ ಮೇಲೆ ಮೂರು ಅಂಕಣ ಹಾಕಿದ ಮೇಲೆ ಮಗುವಿನಲ್ಲೂ ಮೂರು ಭಾಗ ಇವೆ ಎಂದು ನಂಬಲು ಶುರು ಮಾಡುತ್ತೇವೆ. ವೈರು ಜೋಡಿಸುವ ಮಗು ಆ ಹೊತ್ತಿಗೇ ಯೋಚಿಸುತ್ತಿರುತ್ತದೆ, ಪಕ್ಕದವನ ಬಲ್ಬ್ ಮೊದಲು ಹತ್ತಿತೆಂದು ಹೊಟ್ಟೆಯುರಿಯನ್ನೂ ಪಡುತ್ತಿರುತ್ತದೆ.

ಅಂಕಣಗಳು ಸದ್ಯಕ್ಕಂತೂ ಹೋಗುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪ್ರಗತಿ ಪತ್ರದಲ್ಲಿ ಈ ಮೂರೂ ವಲಯಗಳ ಬೆಳವಣಿಗೆ ಕಾಣಬೇಕು ಎನ್ನುತ್ತದೆ. ಆದರೆ ಗಮನಿಸಿ, ಅದು ಕೇಳುವುದು ಮಗುವಿನ ಬೆಳವಣಿಗೆಯ ವಿವರವಾದ ವರದಿ. ಪ್ರತಿ ಪಾಠಕ್ಕೂ ಮೂರು ಸಾಲು ಬರೆಯಿರಿ ಎಂಬ ಮಾತು ಅಲ್ಲಿಲ್ಲ. ಹಾಗಾಗಿ ಒಂದು ಪಾಠಕ್ಕೆ ಬದಲು ಒಂದು ಘಟಕಕ್ಕೆ ಒಟ್ಟಾಗಿ ಉದ್ದೇಶ ಬರೆದು, ಭಾವದ ಜಾಗದಲ್ಲಿ ನೀವು ನಿಜವಾಗಿ ಗಮನಿಸುವ ಒಂದೇ ಒಂದು ಸಂಗತಿ ಇಟ್ಟು ನೋಡಿ. ತಪಾಸಣೆಗೆ ಬಂದವರು ಕೇಳಿದರೆ ಡೈರಿ ತೋರಿಸಿ. ಕೆಂಪು ಗೆರೆ ಆಗಲೂ ಬೀಳಬಹುದು. ಆದರೆ ಮಾತಾಡಲು ನಿಮ್ಮ ಕೈಲಿ ಏನಾದರೂ ಇರುತ್ತದೆ.

ಆ ಬಲ್ಬಿನ ಪ್ರಶ್ನೆಯನ್ನು ನಿಮ್ಮ ಹತ್ತನೇ ತರಗತಿಗೆ ಕೊಟ್ಟರೆ ಮಕ್ಕಳ ಉತ್ತರಗಳನ್ನು ನಮಗೆ ಕಳಿಸಿ. ಹೆಸರು ಬೇಡ, ತಪ್ಪಿದ್ದರೂ ತಿದ್ದಬೇಡಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ತೆಗೆದಿಡುತ್ತೇವೆ.

– ಸಂ.